ಕಿರಾಣಿ ಅಂಗಡಿ, ಉದ್ರಿ ಪುಸ್ತಕ ಮತ್ತು ಮೊಬೈಲು

(ಸಂಘದ ರಜತ ಮಹೋತ್ಸವದ ಎರಡನೆಯ ದಿನ ವ್ಯಾಪಾರಸ್ಥ ಸದಸ್ಯರ ಗೋಷ್ಠಿಯಲ್ಲಿ, ಅಂಗಡಿ ಪರಿಶೀಲನಾ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ನಿನ್ನೆಯಿಂದ ಈ ವೇದಿಕೆಯಲ್ಲಿ ದೊಡ್ಡವರು ದೊಡ್ಡ ವಿಷಯಗಳನ್ನು ಮಾತಾಡಿದ್ದಾರೆ. ಬೀಜ, ಗೊಬ್ಬರ, ಬೆಳೆಸಾಲ, ವಸೂಲಿ ಎಲ್ಲ ಬಂದವು. ನಮ್ಮ ಪಾಲಿಗೆ ಬಂದಿರುವುದು ಸಣ್ಣ ವಿಷಯ: ಊರಿನ ಸಣ್ಣ ಅಂಗಡಿ, ಅದರ ಗಲ್ಲೆಯ ಪಕ್ಕದಲ್ಲಿ ಈಗ ಬಂದು ಕುಳಿತಿರುವ ಮೊಬೈಲು. ಊಟದ ಹೊತ್ತು ಹತ್ತಿರ ಬಂತು ಅಂತ ನಮಗೂ ಗೊತ್ತು. ಅಡುಗೆ ಮನೆಯ ಕಡೆಯಿಂದ ವಾಸನೆ ಇಲ್ಲಿಗೂ ಬರತಾ ಇದೆ. ಆದ್ದರಿಂದ ಉದ್ದ ಮಾಡುವುದಿಲ್ಲ.

ಇಲ್ಲಿ 'ನಾವು' ಅಂದರೆ ಉಪಸಮಿತಿಯ ನಾಲ್ವರು. ಕಳೆದ ಬೇಸಿಗೆಯಲ್ಲಿ ಆಡಳಿತ ಮಂಡಳಿ ನಮಗೆ ಒಂದು ಕೆಲಸ ವಹಿಸಿತು. ಊರಿನ ಅಂಗಡಿಗಳಲ್ಲಿ ಒಂದೊಂದು ದಿನ ಕೂತು, ವ್ಯಾಪಾರ ಹೇಗೆ ನಡೆದಿದೆ ನೋಡಿಬನ್ನಿ ಎಂದಿತು. ಕೂತೆವು. ಚಹಾ ಕುಡಿದೆವು. ನೋಡಿದ್ದನ್ನು, ಕೇಳಿದ್ದನ್ನು, ನಮ್ಮಿಂದ ಆದ ಒಂದು ತಪ್ಪನ್ನೂ ಸೇರಿಸಿ ತಮ್ಮ ಮುಂದೆ ಇಡುತ್ತೇವೆ.

ಮೊದಲು ಅಂಗಡಿಯ ಮಾತು. ಊರಿನ ಅಂಗಡಿ ಬರೀ ಸಾಮಾನು ಮಾರುವ ಜಾಗ ಅಲ್ಲ ಅನ್ನುವುದು ತಮಗೆಲ್ಲ ಗೊತ್ತಿದ್ದದ್ದೆ. 'ಇಂದು ನಗದು ನಾಳೆ ಉದ್ರಿ' ಅಂತ ಗೋಡೆಯ ಮೇಲೆ ಬರೆದಿರುತ್ತದೆ. ಅದರ ಕೆಳಗೇ ಕೂತು ಅಂಗಡಿಯವರು ಉದ್ರಿ ಬರೆಯುತ್ತಿರುತ್ತಾರೆ! ಶೇಂಗಾ ಕಿತ್ತ ಮೇಲೆ, ಮೆಣಸಿನಕಾಯಿ ಮಾರಿದ ಮೇಲೆ ಕೊಡ್ತೀನಿ ಅಂದವರಿಗೆ ಇಲ್ಲ ಅನ್ನದೆ ಎಣ್ಣೆ, ಬೇಳೆ, ಸಕ್ಕರೆ ಕೊಟ್ಟವರು ಇವರು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ನಾವೆಲ್ಲ ಬ್ಯಾಂಕಿನ ಮುಂದೆ ಪಾಳಿ ಹಚ್ಚಿದ್ದೆವು. ಆ ದಿನಗಳಲ್ಲಿ ನಮ್ಮ ಮನೆಗಳ ಒಲೆ ಉರಿದದ್ದು ಈ ಅಂಗಡಿಗಳ ಉದ್ರಿ ಪುಸ್ತಕದಿಂದ. ಅದನ್ನು ಮರೆಯಬಾರದು.

ಇಂಥ ಅಂಗಡಿಗೆ ಫೋನು ಬಂದದ್ದರಿಂದ ಆದ ಮೊದಲ ಲಾಭ ಯಾವುದು? ದುಡ್ಡು ಕಳಿಸುವುದಲ್ಲ, ಅದು ಆಮೇಲಿನದು. ಮೊದಲ ಲಾಭ ದರ ತಿಳಿಯುವುದು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಸಚಿವ ಸುಖರಾಂ ಅವರೊಂದಿಗೆ ಮಾತಾಡಿದರು. ಆಗ ಮಾಡುವ ಕರೆಗೂ ರೊಕ್ಕ, ಬರುವ ಕರೆಗೂ ರೊಕ್ಕ. 2003ರಲ್ಲಿ ಬರುವ ಕರೆ ಪುಕ್ಕಟೆ ಆಯಿತು. ಆಮೇಲೆ ತಾನೆ ನಮ್ಮಂಥವರ ಕಿಸೆಗೂ ಫೋನು ಬಂದದ್ದು. ಅದಕ್ಕೂ ಮೊದಲು ಅಂಗಡಿಯವರು ಹುಬ್ಬಳ್ಳಿಗೋ ಗದಗಿಗೋ ಬಸ್ಸು ಹತ್ತಿ ಹೋಗಬೇಕು. ಹೋದ ಮೇಲೆ ಠೋಕ್ ವ್ಯಾಪಾರಿ ಹೇಳಿದ್ದೇ ದರ. ಬಸ್ ಛಾರ್ಜು ಸುಟ್ಟು ಹೋದ ಮೇಲೆ ಬರಿಗೈಲಿ ತಿರುಗಿ ಬರಲಿಕ್ಕೆ ಆಗುತ್ತದೆಯೆ? ಈಗ ಮೂರು ಅಂಗಡಿಗೆ ಫೋನು ಮಾಡಿ, ಎಣ್ಣೆ ಡಬ್ಬಿ ಯಾರಲ್ಲಿ ಎಷ್ಟು ಅಂತ ಕೇಳಿ, ಕಡಿಮೆ ಇದ್ದಲ್ಲಿ ಹೇಳಿ ಟಂಟಂ ಗಾಡಿಯಲ್ಲಿ ಹಾಕಿಸಿಕೊಳ್ಳುತ್ತಾರೆ.

ಇದರಿಂದ ಏನು ಮಹಾ ಲಾಭ ಅನ್ನುವವರಿಗೆ ಕೇರಳದ ಮೀನುಗಾರರ ಒಂದು ಸಂಗತಿ ಹೇಳಬೇಕು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಕೋಳಿಕ್ಕೋಡು, ಕಣ್ಣೂರು, ನಮ್ಮ ಕನ್ನಡಿಗರೂ ಇರುವ ಕಾಸರಗೋಡು, ಈ ಮೂರು ಜಿಲ್ಲೆಗಳ ಕಡಲ ದಂಡೆಯಲ್ಲಿ 1996ರಿಂದ 2001ರವರೆಗೆ ಮೀನಿನ ದರ ಬರೆದಿಟ್ಟರು. 1997ರ ಜನವರಿಯಲ್ಲಿ ಒಂದು ದಿನ ಬಡಗರ ಎಂಬಲ್ಲಿ ಹನ್ನೊಂದು ಮಂದಿ ಮೀನುಗಾರರಿಗೆ ಕೊಳ್ಳುವವರೇ ಸಿಗಲಿಲ್ಲ. ಹಿಡಿದ ಮೀನು ಸಮುದ್ರಕ್ಕೇ ಚೆಲ್ಲುವ ಪಾಡು. ಅದೇ ಹೊತ್ತಿಗೆ ಹದಿನೈದು ಕಿಲೋಮೀಟರ್ ಒಳಗಿನ ಬೇರೆ ಪೇಟೆಗಳಲ್ಲಿ ಇಪ್ಪತ್ತೇಳು ಮಂದಿ ಮೀನು ಸಿಗದೆ ಬರಿಗೈಲಿ ಹೊರಟಿದ್ದರು. ನಡುವೆ ಇಲ್ಲದ್ದು ಸುದ್ದಿ ಒಂದೇ. ಆಮೇಲೆ ಮೊಬೈಲ್ ಟವರು ಬಂದವು. ದೋಣಿಯಿಂದಲೇ ದರ ಕೇಳಿ, ಬೇಕಾದ ಪೇಟೆಗೆ ದೋಣಿ ತಿರುಗಿಸಲಿಕ್ಕೆ ಕಲಿತರು. ಮೀನು ಚೆಲ್ಲುವುದು ನಿಂತೇಹೋಯಿತು. ಮೀನುಗಾರರ ಲಾಭ ನೂರಕ್ಕೆ ಎಂಟರಷ್ಟು ಹೆಚ್ಚಿತು, ಕೊಳ್ಳುವವರಿಗೆ ದರ ನೂರಕ್ಕೆ ನಾಲ್ಕರಷ್ಟು ಇಳಿಯಿತು. ಮಾರುವವನಿಗೂ ಲಾಭ, ಕೊಳ್ಳುವವನಿಗೂ ಲಾಭ. ಇದು ಈಗಿನ ದೊಡ್ಡ ಪರದೆಯ ಫೋನಲ್ಲ, ಬರೀ ಮಾತಾಡುವ ಫೋನು ಮಾಡಿದ ಕೆಲಸ ಎಂಬುದನ್ನು ಗಮನಿಸಬೇಕು.

ಇನ್ನು ಎರಡನೆಯದು ರೊಕ್ಕದ ವ್ಯವಹಾರ. ಇದರಲ್ಲಿ ಆಫ್ರಿಕಾದ ಕೀನ್ಯಾ ದೇಶ ನಮಗಿಂತ ಮುಂದೆ ಹೋಗಿತ್ತು. ಅಲ್ಲಿ 2007ರ ಮಾರ್ಚಿಯಲ್ಲಿ ಎಂ-ಪೆಸಾ ಎಂಬ ವ್ಯವಸ್ಥೆ ಆರಂಭವಾಯಿತು. ಪಟ್ಟಣದಲ್ಲಿ ದುಡಿಯುವ ಮಗ ಅಲ್ಲಿಯ ಅಂಗಡಿಯಲ್ಲಿ ನಗದು ಕೊಟ್ಟು ಫೋನಿನಿಂದ ಕಳಿಸುತ್ತಾನೆ. ಊರಿನ ತಾಯಿ ಇಲ್ಲಿಯ ಅಂಗಡಿಯಲ್ಲಿ ನಗದು ತೆಗೆದುಕೊಳ್ಳುತ್ತಾಳೆ. ನಡುವೆ ನಿಂತ ಅಂಗಡಿಕಾರನಿಗೆ ಕಮಿಷನ್ನು. ಬ್ಯಾಂಕು ಇಲ್ಲದ ಹಳ್ಳಿಯಲ್ಲಿ ಸಣ್ಣ ಅಂಗಡಿಯೇ ಬ್ಯಾಂಕಿನ ಕೆಲಸ ಮಾಡಿತು. ನಮ್ಮಲ್ಲಿ ಯು.ಪಿ.ಐ. ಬಂದದ್ದು 2016ರಲ್ಲಿ. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಯು.ಪಿ.ಐ. ಮೂಲಕ ಬರುವ ಹಣಕ್ಕೆ ಅಂಗಡಿಯವರು ಶುಲ್ಕ ಕೊಡಬೇಕಾಗಿಲ್ಲ. ದೊಡ್ಡ ಫೋನು ಇಲ್ಲದವರಿಗಾಗಿ, ಗುಂಡಿ ಒತ್ತುವ ಸಾದಾ ಫೋನಿನಿಂದಲೇ ಹಣ ಕಳಿಸುವ ಏರ್ಪಾಡನ್ನು 2022ರ ಮಾರ್ಚಿಯಲ್ಲಿ ತಂದರು. ಚಿಲ್ಲರೆಯ ಬದಲು ಚಾಕಲೇಟು ಕೊಡುವ ಕಾಲ ಮುಗಿಯಿತು ಅಂತ ಮಕ್ಕಳು ಮಾತ್ರ ಬೇಜಾರು ಮಾಡಿಕೊಂಡಿರಬಹುದು!

ಇಷ್ಟೆಲ್ಲ ಲಾಭ ಹೇಳಿದ ಮೇಲೆ ತೊಂದರೆಯನ್ನೂ ಹೇಳಬೇಕು. ಅದಕ್ಕೆ ನಮ್ಮೂರಿನ ಒಬ್ಬ ತಾಯಿಯ ಕತೆ ಸಾಕು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಹೆಸರು ಹೇಳುವುದಿಲ್ಲ. ಇಲ್ಲೇ ಮೂರನೆಯ ಸಾಲಿನಲ್ಲಿ ಕೂತು ನಗುತ್ತಿದ್ದಾರೆ.

ಗಂಡ ತೀರಿದ ಮೇಲೆ ಅಂಗಡಿ ಹಿಡಿದವರು. ಓದಿದ್ದು ನಾಲ್ಕನೇ ಇಯತ್ತೆ, ಲೆಕ್ಕದಲ್ಲಿ ಮಾತ್ರ ನಮ್ಮ ಸಂಘದ ಗುಮಾಸ್ತರನ್ನೂ ಸೋಲಿಸುತ್ತಾರೆ. ಮಗ ಗೋವೆಯಲ್ಲಿ ದುಡಿಯುತ್ತಾನೆ. ಅವನೇ ಬಂದು ಅಂಗಡಿಗೆ ಕ್ಯೂ.ಆರ್. ಕೋಡಿನ ಹಲಗೆ ಹಾಕಿಸಿ ಹೋದ. ಮೊದಲ ತಿಂಗಳಲ್ಲೇ ಒಬ್ಬ ಹುಡುಗ, ಪರಸ್ಥಳದವನು, ಎಣ್ಣೆ ಸಕ್ಕರೆ ಎಲ್ಲ ಕಟ್ಟಿಸಿಕೊಂಡು, ಹಣ ಹೋಯಿತು ನೋಡ್ರಿ ಅಂತ ಫೋನಿನಲ್ಲಿ ಚಿತ್ರ ತೋರಿಸಿ ಹೋದ. ರೊಕ್ಕ ಬಂದಿರಲಿಲ್ಲ. ಅದು ಹಿಂದೆ ಯಾವಾಗಲೋ ಕಳಿಸಿದ ಹಣದ ಚಿತ್ರ. "ಅವನ ಫೋನ್ಯಾಗ ಬಂದದ್ದ ನಂಬೀನಿ, ನನ್ನ ಫೋನ್ಯಾಗ ಬಂದಿಲ್ಲ ಅನ್ನೂದ ನೋಡಲಿಲ್ಲ" ಅಂದರು ನಮ್ಮ ಮುಂದೆ. ಆದರೂ ಹಲಗೆ ತೆಗೆಯಲಿಲ್ಲ. ಹಣ ಬಂದರೆ ಕನ್ನಡದಲ್ಲಿ ಕೂಗಿ ಹೇಳುವ ಪೆಟ್ಟಿಗೆ ತರಿಸಿ ಇಟ್ಟರು. ಅದು ಕೂಗುವ ತನಕ ಚೀಲ ಕೈಗೆ ಕೊಡುವುದಿಲ್ಲ.

ಹಲಗೆ ತೆಗೆದದ್ದು 2025ರ ಜುಲೈಯಲ್ಲಿ. ಆ ತಿಂಗಳು ನಡೆದದ್ದು ತಮಗೆ ನೆನಪಿರಬೇಕು. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯವರು 2021-22ರಿಂದ 2024-25ರವರೆಗಿನ ಯು.ಪಿ.ಐ. ಲೆಕ್ಕ ತರಿಸಿ ನೋಡಿ, ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿ.ಎಸ್.ಟಿ. ನೋಟಿಸು ಕಳಿಸಿದರು. ತರಕಾರಿ ಮಾರುವವರಿಗೂ ಬಂತೆಂದು ಪತ್ರಿಕೆಗಳಲ್ಲಿ ಓದಿದೆವು. ಬೆಂಗಳೂರಿನ ಅಂಗಡಿಗಳಲ್ಲಿ 'ಯು.ಪಿ.ಐ. ಇಲ್ಲ, ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಆದರೆ ಸುದ್ದಿಯ ಕಾಲು ಉದ್ದ, ಸಮಾಧಾನದ ಕಾಲು ಗಿಡ್ಡ. ನಮ್ಮೂರಿಗೆ ಬಂದು ಮುಟ್ಟಿದ್ದು ಹೆದರಿಕೆ ಮಾತ್ರ.

ಆ ತಾಯಿಗೆ ಯಾವ ನೋಟಿಸೂ ಬಂದಿರಲಿಲ್ಲ. ಸಾಮಾನು ತರುವ ಗಾಡಿಯವನು, ನಿನಗೂ ಬರತೈತಿ ಅಂದ, ಅಷ್ಟೇ. ಮರುದಿನ ಅವರು ಪಾಸ್ ಬುಕ್ಕು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಸಂಘದ ಕಚೇರಿಗೆ ಬಂದರು. ಅಂದು ಕಚೇರಿಯಲ್ಲಿದ್ದವರು ನಾವೇ, ಈ ಉಪಸಮಿತಿಯವರೇ ಇಬ್ಬರು. ಏನು ಹೇಳಿದೆವು ಗೊತ್ತೆ? "ಅದು ಬ್ಯಾಂಕಿನ ಕೆಲಸ, ಸಂಘದ್ದಲ್ಲ. ಪಟ್ಟಣಕ್ಕೆ ಹೋಗಿ ಕೇಳ್ರಿ" ಅಂದೆವು. ಆಗ ಗೊಬ್ಬರ ಹಂಚುವ ಗದ್ದಲ ಇತ್ತು ನಿಜ. ಆದರೂ ಅದು ನೆವ. ನಿಜ ಏನೆಂದರೆ ನಮಗೂ ಆ ವಿಷಯ ತಿಳಿದಿರಲಿಲ್ಲ, ತಿಳಿಯದು ಅಂತ ಹೇಳಲಿಕ್ಕೆ ನಾಚಿಕೆ ಆಯಿತು. ಅವರು ಮನೆಗೆ ಹೋಗಿ ಹಲಗೆ ಕಳಚಿ ಅಟ್ಟದ ಮೇಲೆ ಇಟ್ಟರು. ಕೂಗುವ ಪೆಟ್ಟಿಗೆಯ ಬಾಯಿಗೆ ಬಟ್ಟೆ ಕಟ್ಟಿದರು.

ಆಮೇಲೆ ಏನಾಯಿತು? ಕಿಸೆಯಲ್ಲಿ ನಗದು ಇಟ್ಟುಕೊಳ್ಳುವ ರೂಢಿ ತಪ್ಪಿದ ಹುಡುಗರು ಅವರ ಅಂಗಡಿ ಬಿಟ್ಟರು. ಬೈಕು ಹತ್ತಿ ಹೈವೇ ಮೇಲಿನ ದೊಡ್ಡ ಅಂಗಡಿಗೆ ಹೋದರು. ಉದ್ರಿ ಒಯ್ಯುವವರು ಉಳಿದರು, ನಗದು ಕೊಡುವವರು ಹೋದರು. ಹೀಗಾದರೆ ಅಂಗಡಿ ಎಷ್ಟು ದಿನ ನಡೆದೀತು? ಠೋಕ್ ವ್ಯಾಪಾರಿಯ ಬಾಕಿ ಬೆಳೆಯಿತು. ದೀಪಾವಳಿ ಕಳೆದ ಮೇಲೆ ಅಂಗಡಿ ಮುಚ್ಚಿ ಗೋವೆಗೆ ಮಗನ ಹತ್ತಿರ ಹೋಗುವ ಮಾತು ಬಂತು. ಆ ಅಂಗಡಿ ಮುಚ್ಚಿದರೆ ಆ ಓಣಿಯ ಮುದುಕರು ಒಂದು ಗುಳಿಗೆಗೂ, ಒಂದು ಪುಡಿ ಚಹಾಕ್ಕೂ ಅರ್ಧ ಮೈಲಿ ನಡೆಯಬೇಕು. ಉದ್ರಿ ಕೇಳಲಿಕ್ಕೆ ಮುಖ ಇರುವ ಜಾಗ ಇನ್ನೊಂದಿಲ್ಲ. ಇದು ಕಿವಿಗೆ ಬಿದ್ದ ದಿನ ನಾವು ನಾಲ್ವರೂ ಅವರ ಅಂಗಡಿಗೆ ಹೋಗಿ, ತಪ್ಪಾಯಿತು ತಾಯಿ, ಪಾಸ್ ಬುಕ್ಕು ಕೊಡ್ರಿ ಅಂತ ಕೇಳಿದೆವು.

ಲೆಕ್ಕಕ್ಕೆ ಕೂತಾಗ ಕಣ್ಣು ತೆರೆಯಿತು. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದಾಗಿರಲಿಲ್ಲ. ಮಗ ತಿಂಗಳಿಗೊಮ್ಮೆ ಮನೆಗೆ ಕಳಿಸಿದ್ದು ಅದರಲ್ಲೇ. ಅವರು ಮುಂದಾಳಾಗಿರುವ ಸ್ತ್ರೀಶಕ್ತಿ ಗುಂಪಿನ ಹೆಣ್ಣುಮಕ್ಕಳು ಹಾಕಿದ ಉಳಿತಾಯ ಅದರಲ್ಲೇ. ಅಕ್ಕಪಕ್ಕದವರು ಫೋನಿನಿಂದ ಐನೂರು ಕಳಿಸಿ ಕೈಯಲ್ಲಿ ನಗದು ಒಯ್ದದ್ದು ಅದರಲ್ಲೇ. ಎಲ್ಲ ಒಂದೇ ತಪೇಲಿಯಲ್ಲಿ ಕಲಸಿದ ಹಾಗೆ ಆಗಿತ್ತು. ದೂರದಿಂದ ನೋಡಿದ ಅಧಿಕಾರಿಗೆ ಅದೆಲ್ಲ ವ್ಯಾಪಾರದ ಹಾಗೆ ಕಂಡರೆ ತಪ್ಪು ಯಾರದು? ಒಂದೊಂದಾಗಿ ಬೇರೆ ಮಾಡಿ, ನಗದು ಮಾರಾಟವನ್ನೂ ಸೇರಿಸಿ ಕೂಡಿಸಿದೆವು. ಅವರ ವ್ಯಾಪಾರ ಜಿ.ಎಸ್.ಟಿ. ಗಡಿಯ ಹತ್ತಿರವೂ ಬರಲಿಲ್ಲ.

ಆ ಗಡಿ ಎಷ್ಟು ಎಂಬುದನ್ನು ಎಲ್ಲ ಅಂಗಡಿಕಾರರೂ ಇವತ್ತು ಮನಸ್ಸಿನಲ್ಲಿ ಬರೆದುಕೊಂಡು ಹೋಗಬೇಕು. ನಮ್ಮ ರಾಜ್ಯದಲ್ಲಿ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ. ಇದು ಲಾಭವಲ್ಲ, ಒಟ್ಟು ವಹಿವಾಟು. ನಗದು, ಉದ್ರಿ, ಫೋನು ಮೂರೂ ಸೇರಿ. 40 ಲಕ್ಷ ಅಂದರೆ ಒಂದು ದಿನವೂ ಬಾಗಿಲು ಹಾಕದೆ ದಿನಕ್ಕೆ ಸುಮಾರು 11 ಸಾವಿರ ರೂಪಾಯಿ ವ್ಯಾಪಾರ. ನಮ್ಮೂರಿನಲ್ಲಿ ಅಷ್ಟು ಮಾಡುವವರು ಎಷ್ಟು ಮಂದಿ, ತಾವೇ ಎಣಿಸಿಕೊಳ್ಳಿ. ತಾಜಾ ತರಕಾರಿಯಂಥ ತೆರಿಗೆಯೇ ಇಲ್ಲದ ಮಾಲನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಡ. ತೆರಿಗೆ ಇರುವ ಮಾಲನ್ನೂ ಜೊತೆಗೆ ಮಾರಿದರೆ ಎರಡೂ ಕೂಡಿಸಿ ಲೆಕ್ಕ ಹಿಡಿಯುತ್ತಾರೆ. ಗಡಿ ದಾಟಿದವರೂ ಹೆದರುವ ಕಾರಣ ಇಲ್ಲ. ಒಂದೂವರೆ ಕೋಟಿ ವಹಿವಾಟಿನವರೆಗೆ ರಾಜಿ ತೆರಿಗೆ ಪದ್ಧತಿ ಇದೆ, ವ್ಯಾಪಾರಿಗಳು ನೂರಕ್ಕೆ ಒಂದು ರೂಪಾಯಿ ಕಟ್ಟಿದರೆ ಮುಗಿಯಿತು. ಆದರೆ ಅದನ್ನು ಗಿರಾಕಿಯಿಂದ ಬೇರೆಯಾಗಿ ಕೇಳುವ ಹಾಗಿಲ್ಲ, ಕೈಯಿಂದಲೇ ಕಟ್ಟಬೇಕು. ಹಲಗೆ ತೆಗೆದು ಬರೀ ನಗದು ತೊಗೊಂಡರೆ ತೆರಿಗೆ ತಪ್ಪುತ್ತದೆ ಅನ್ನುವುದು ಮಾತ್ರ ಶುದ್ಧ ತಪ್ಪು ತಿಳುವಳಿಕೆ. ಕಾನೂನು ನೋಡುವುದು ವಹಿವಾಟನ್ನು. ಯಾವ ಕೈಯಿಂದ ರೊಕ್ಕ ಬಂತು ಎಂಬುದನ್ನಲ್ಲ.

ಹೀಗೆ ಲೆಕ್ಕ ಮಾಡಿ ತೋರಿಸಿದ ಮೇಲೆ ಆ ತಾಯಿ ಅಂದದ್ದು ಒಂದೇ ಮಾತು: "ಇದನ್ನ ಆವತ್ತ ಹೇಳಿದ್ರ ನನಗ ಅಷ್ಟು ರಾತ್ರಿ ನಿದ್ದಿ ಬರತಿತ್ತಲ್ರೀ." ನಾವು ಏನು ಉತ್ತರ ಕೊಡಬೇಕು? ತಲೆ ತಗ್ಗಿಸಿದೆವು. ಮರುದಿನ ಹಲಗೆ ಅಟ್ಟದಿಂದ ಇಳಿಯಿತು. ವ್ಯಾಪಾರಕ್ಕೆ ಅಂತ ಬೇರೆ ಖಾತೆ ತೆಗೆಸಿದೆವು. ಗುಂಪಿನ ದುಡ್ಡು ಗುಂಪಿನ ಖಾತೆಗೆ, ಮಗನ ದುಡ್ಡು ಮನೆಯ ಖಾತೆಗೆ. ಬಿಟ್ಟುಹೋದ ಗಿರಾಕಿಗಳಲ್ಲಿ ಎಲ್ಲರೂ ತಿರುಗಿ ಬಂದಿಲ್ಲ. ಠೋಕ್ ವ್ಯಾಪಾರಿಯ ಬಾಕಿ ಇನ್ನೂ ಸ್ವಲ್ಪ ಇದೆ. ಗೋವೆಗೆ ಹೋಗುವ ಮಾತು ಮಾತ್ರ ಸದ್ಯಕ್ಕೆ ನಿಂತಿದೆ.

ಬಂಧುಗಳೆ, ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ್ದು ಏತಕ್ಕೆ? ಆಗಿನ ರೈತನಿಗೆ ಸಾವುಕಾರನ ಖಾತೆ ಪುಸ್ತಕ ಓದಲಿಕ್ಕೆ ಬರುತ್ತಿರಲಿಲ್ಲ. ಏನು ಬರೆದಿದ್ದಾರೋ ಅದೇ ಸಾಲ. ಇವತ್ತು ಸಾವುಕಾರನ ಪುಸ್ತಕದ ಜಾಗದಲ್ಲಿ ಫೋನು ಬಂದಿದೆ. ಓದಲಿಕ್ಕೆ ಬಾರದವನಿಗೆ ಎರಡೂ ಒಂದೇ. ಅಂದು ಲೆಕ್ಕ ಓದಿ ಹೇಳುವುದು ಸಂಘದ ಕೆಲಸವಾಗಿದ್ದರೆ ಇಂದೂ ಅದು ಸಂಘದ್ದೇ ಕೆಲಸ. "ಅದು ನಮ್ಮ ಕೆಲಸವಲ್ಲ" ಎಂದ ಮಾತನ್ನು ನಾವು ಈ ವೇದಿಕೆಯಿಂದ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ.

ಹಾಗಾದರೆ ಏನು ಮಾಡಬೇಕು? ಉಪಸಮಿತಿಯ ಪರವಾಗಿ ಆಡಳಿತ ಮಂಡಳಿಗೆ ನಾಲ್ಕು ವಿನಂತಿ.

ಒಂದು, ವಾರಕ್ಕೊಂದು ದಿನ, ಸಂತೆಯ ದಿನವೇ ಇರಲಿ, ಸಂಜೆ ಎರಡು ತಾಸು ಕಚೇರಿಯಲ್ಲಿ ಅಂಗಡಿಕಾರರಿಗಾಗಿ ಒಂದು ಮೇಜು ಹಾಕಬೇಕು. ಪ್ರಾಥಮಿಕ ಪತ್ತಿನ ಸಂಘಗಳಿಗೆ ಗಣಕಯಂತ್ರ ಒದಗಿಸುವ ಯೋಜನೆಯನ್ನು ಕೇಂದ್ರ ಸರಕಾರ 2022ರಲ್ಲಿ ಮಂಜೂರು ಮಾಡಿತು. ನಮ್ಮ ಸಂಘಕ್ಕೂ ಯಂತ್ರ ಬಂದಿದೆ. ಯಂತ್ರದ ಪಕ್ಕ ಕೂತು ತಾಳ್ಮೆಯಿಂದ ಹೇಳುವ ಮನುಷ್ಯರು ಬೇಕು. ನಮ್ಮೂರಿನಲ್ಲಿ ಕಾಲೇಜು ಮುಗಿಸಿದ ಹೆಣ್ಣುಮಕ್ಕಳು ಇದ್ದಾರೆ. ಅವರಿಗೆ ಗೌರವಧನ ಕೊಟ್ಟು ಕೂರಿಸೋಣ.

ಎರಡು, ಪ್ರತಿ ಅಂಗಡಿಗೂ ವ್ಯಾಪಾರದ ಖಾತೆ ಬೇರೆ, ಮನೆಯ ಖಾತೆ ಬೇರೆ. ಇದನ್ನು ಸಂಘವೇ ಮುಂದೆ ನಿಂತು ಮಾಡಿಸಬೇಕು. ಒಂದು ವರ್ಷದ ಚೊಕ್ಕ ಲೆಕ್ಕ ಕೈಯಲ್ಲಿದ್ದರೆ ಅಂಗಡಿಗೆ ಸಾಲ ಕೊಡಲಿಕ್ಕೆ ಸಂಘಕ್ಕೂ ಧೈರ್ಯ ಬರುತ್ತದೆ. ಬಂಗಾರ ಅಡವಿಡದೆ ಸಾಲ ಸಿಗುವ ದಾರಿ ಅದು.

ಮೂರು, ಎಲ್ಲ ಅಂಗಡಿಯವರೂ ಬೇಕಾದ ಸಾಮಾನಿನ ಪಟ್ಟಿಯನ್ನು ಫೋನಿನಲ್ಲಿ ಸಂಘಕ್ಕೆ ಕಳಿಸಲಿ, ಸಂಘ ಒಟ್ಟಿಗೆ ತರಿಸಲಿ. ಒಬ್ಬರು ಒಂದು ಡಬ್ಬಿ ಎಣ್ಣೆ ಕೇಳಿದಾಗ ಸಿಗುವ ದರ ಬೇರೆ, ಊರೇ ಸೇರಿ ಒಂದು ಗಾಡಿ ಕೇಳಿದಾಗ ಸಿಗುವ ದರ ಬೇರೆ. ಹನಿಗೂಡಿದರೆ ಹಳ್ಳ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ನಾಲ್ಕು, ಮೋಸದ ಎಚ್ಚರಿಕೆಯ ಹಲಗೆಯೊಂದನ್ನು ಪ್ರತಿ ಅಂಗಡಿಯಲ್ಲೂ ಹಾಕಿಸಬೇಕು. ಅದರಲ್ಲಿ ಬರೆಯಬೇಕಾದದ್ದು ಇಷ್ಟೇ. ಗಿರಾಕಿಯ ಫೋನು ನೋಡಬೇಡಿ, ನಿಮ್ಮ ಫೋನು ನೋಡಿ. ಹಣ ಪಡೆಯಲಿಕ್ಕೆ ಗುಪ್ತ ಸಂಖ್ಯೆ ಒತ್ತುವ ಕಾರಣವೇ ಇಲ್ಲ, ಒತ್ತು ಅಂದವನು ಕಳ್ಳ. ನಿಮ್ಮ ಕೋಡಿನ ಮೇಲೆ ಬೇರೆಯವರದು ಅಂಟಿಸಿದ್ದಾರೋ ದಿನಾ ಬೆಳಿಗ್ಗೆ ನೋಡಿಕೊಳ್ಳಿ. ಮೋಸವಾದರೆ ತಡ ಮಾಡದೆ 1930ಕ್ಕೆ ಫೋನು ಮಾಡಿ.

ಕೊನೆಯದಾಗಿ ಗಿರಾಕಿಗಳಾದ ನಮಗೂ, ತಮಗೂ ಒಂದು ಮಾತು. ನಾವು ಅಂಗಡಿಗಳಲ್ಲಿ ಕೂತಾಗ ಒಂದು ಸಂಗತಿ ಕಂಡೆವು. ಉದ್ರಿ ಒಯ್ಯುವಾಗ ಊರಿನ ಅಂಗಡಿ, ಕೈಯಲ್ಲಿ ರೊಕ್ಕ ಬಂದಾಗ ಪಟ್ಟಣದ ಅಂಗಡಿ! ಈಗಂತೂ ಫೋನಿನಲ್ಲೇ ತರಿಸಿಕೊಳ್ಳುವುದೂ ಬಂದಿದೆ. ಯಾರಿಗೂ ಬೇಡ ಅನ್ನುವುದಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಫೋನು ಕೈಗೆ ತೆಗೆದುಕೊಂಡಾಗ, ಹೊಸ ಸಾಮಾನು ತರಿಸುವ ಮೊದಲು, ಊರಿನ ಅಂಗಡಿಯ ಬಾಕಿಯನ್ನು ಅದೇ ಫೋನಿನಿಂದ ಕಳಿಸಿಬಿಡಿ. ಅಂಗಡಿಯವರು ಕೇಳಲಿಕ್ಕೆ ಸಂಕೋಚ ಪಡುತ್ತಾರೆ. ಅವರು ಕೇಳುವ ಮೊದಲೇ ಆ ಪೆಟ್ಟಿಗೆ ಕೂಗಲಿ.

ನಮ್ಮ ವಿನಂತಿಗಳನ್ನು ಆಡಳಿತ ಮಂಡಳಿ ಬರುವ ಸಭೆಯಲ್ಲೇ ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇವೆ. ಮೇಜು ಹಾಕಿದ ಮೊದಲ ದಿನ ಅಲ್ಲಿ ಕೂರಲಿಕ್ಕೆ ನಾವು ನಾಲ್ವರೂ ತಯಾರಿದ್ದೇವೆ. ತಿಳಿದದ್ದು ಹೇಳುತ್ತೇವೆ. ತಿಳಿಯದಿದ್ದರೆ ತಿಳಿಯದು ಎಂದೇ ಹೇಳಿ, ತಿಳಿದವರ ಹತ್ತಿರ ನಾವೇ ಕರೆದುಕೊಂಡು ಹೋಗುತ್ತೇವೆ.

ತನ್ನ ಕಷ್ಟವನ್ನು ನಾಲ್ಕು ಮಂದಿಯ ಮುಂದೆ ಹೇಳಲು ಒಪ್ಪಿದ ಆ ತಾಯಿಗೆ ವಂದನೆ ಸಲ್ಲಿಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.